ಚೆಲುವಾಚಾರ್ ಕಚ್ಚಿ ಕುಡಿಯುತ್ತಿದ್ದ ಲೋಟ

ನಾನೊಂದು ಕಂಚಿನ ಲೋಟ. ನಾಗಮಂಗಲದ ಕಂಚುಗಾರರ ಕೇರಿಯಲ್ಲಿ, ಚೆಲುವಾಚಾರ್ ಅವರ ಎರಕದ ಮನೆಯಲ್ಲಿ ಹುಟ್ಟಿದೆ. ಯಾವುದೋ ಊರಿನ ಗುಡಿಗೆ ಗಂಟೆ ಹೊಯ್ದ ಮೇಲೆ ಮೂಸೆಯ ತಳದಲ್ಲಿ ಒಂದಿಷ್ಟು ಲೋಹ ಉಳಿದಿತ್ತು. ಚೆಲ್ಲಲು ಮನಸ್ಸು ಬಾರದೆ ಅದನ್ನು ಒಂದು ಸಣ್ಣ ಅಚ್ಚಿಗೆ ಇಳಿಸಿದರು. ಗಂಟೆಯ ಒಡಹುಟ್ಟು ನಾನು. ಅದಕ್ಕೇ ಇರಬೇಕು, ಉಗುರು ತಾಗಿದರೂ ನನಗೆ ದನಿ ಬರುತ್ತದೆ.

ಅಚ್ಚು ಒಡೆದು ಹೊರಗೆ ತೆಗೆದಾಗ ನನ್ನ ಅಂಚು ಗರಗಸದ ಹಾಗಿತ್ತು. ಮೂರು ದಿನ ಅರ ಹಾಕಿ ಉಜ್ಜಿದರು. ನಡುನಡುವೆ ನನ್ನನ್ನು ಎತ್ತಿ ತಮ್ಮ ಕೆಳದುಟಿಗೆ ಒತ್ತಿ ನೋಡುತ್ತಿದ್ದರು. ಎಲ್ಲಿ ಚುಚ್ಚಿತೋ ಅಲ್ಲಿ ಮತ್ತೆ ಅರ. ಹೀಗೆ ನನ್ನ ಅಂಚು ಆ ಒಂದು ತುಟಿಯ ಅಳತೆಗೇ ತಯಾರಾಯಿತು.

ಆ ಮನೆಯಲ್ಲಿ ಯಾರೂ ಲೋಟ ಕಚ್ಚಿ ಕುಡಿಯುವಂತಿರಲಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಲೋಟ ಮೇಲೆತ್ತಿ, ತುಟಿಗೆ ತಾಗದ ಹಾಗೆ ಗಂಟಲಿಗೆ ಬಿಟ್ಟುಕೊಳ್ಳಬೇಕು. ತಾಗಿದರೆ ಎಂಜಲು. ಚೆಲುವಾಚಾರ್ ಅವರ ಅಕ್ಕ ಕಾಳಮ್ಮನದು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ತಮ್ಮ ಮಾತ್ರ ನನ್ನನ್ನು ಕಚ್ಚಿಯೇ ಕುಡಿಯುತ್ತಿದ್ದರು, ಕಣ್ಣು ಮುಚ್ಚಿಕೊಂಡು.

"ಥೂ, ಎಳೆಗರ ಮೊಲೆ ಚೀಪ್ದಂಗೆ ಚೀಪ್ತೀಯಲ್ಲೋ ಚೆಲುವಾ!"

"ನಾನು ಮಾಡಿದ್ ಲೋಟ, ನನ್ನ ಎಂಜ್ಲು. ನಿಂಗೇನಕ್ಕ ಕಷ್ಟ?"

ಆವತ್ತಿನಿಂದ ನನಗೆ ಅಡುಗೆಮನೆಯ ಸಾಲಿನಲ್ಲಿ ಜಾಗ ತಪ್ಪಿತು. ಎರಕದ ಮನೆಯ ಗೂಡೇ ನನ್ನ ಮನೆ. ಅಲ್ಲಿಂದ ನಾನು ನೋಡಿದ್ದೆಲ್ಲ ಕೆಂಪು ಬೆಂಕಿ, ಬೂದಿ, ಮತ್ತೆ ಅವರ ಮಗಳು ವನಜಾಕ್ಷಿ. ತಾಯಿಯನ್ನು ಬೇಗ ಕಳೆದುಕೊಂಡ ಹುಡುಗಿ, ತಿದಿ ಒತ್ತುತ್ತಲೇ ದೊಡ್ಡವಳಾದಳು. ಮೊದಲ ಸಲ ಅವಳ ಕೈಗೆ ಮೂಸೆ ಕೊಟ್ಟ ದಿನ ಅಪ್ಪ ಹಿಂದೆ ನಿಂತು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಸುರೀಬ್ಯಾಡ ಕಣವ್ವ. ಅದೇ ಇಳೀಲಿ ಬುಡು. ಅವಸ್ರ ಬಿದ್ರೆ ಗಾಳಿ ಒಳಗೇ ಕುಂತ್ಕತದೆ. ಗುಳುಗುಳು ಅಂತು ಅಂದ್ರೆ ಕೈ ನಿಲ್ಸು."

ವರ್ಷಗಳು ಹೋದವು. ಒಂದು ಬೆಳಿಗ್ಗೆ ನೀರು ಕುಡಿಯುತ್ತಿದ್ದ ಹಾಗೆಯೇ ನಾನು ಅವರ ಕೈಯಿಂದ ಜಾರಿಬಿದ್ದೆ. ಅದುವರೆಗೆ ಅವರು ನನ್ನನ್ನು ಒಮ್ಮೆಯೂ ಬೀಳಿಸಿದವರಲ್ಲ. ಮಗಳು ತಿರುಗಿ ನೋಡುವಷ್ಟರಲ್ಲಿ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ, ಬಲಗಾಲು ಸತ್ತಂತಾಗಿದ್ದವು. ಮಾತು ನಿಂತಿತ್ತು. ಲಕ್ವ ಹೊಡೆದಿತ್ತು.

ದೊಡ್ಡಾಸ್ಪತ್ರೆಗೆ ಹೋಗುವಾಗ ವನಜಾಕ್ಷಿ ಬಟ್ಟೆಯ ಜೊತೆ ನನ್ನನ್ನೂ ಚೀಲಕ್ಕೆ ಹಾಕಿಕೊಂಡಳು. ಅಪ್ಪ ಎದ್ದು ಕೂತರೆ ಇದರಲ್ಲೇ ನೀರು ಕೇಳುತ್ತಾರೆ ಎಂದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಚೀಲದಿಂದ ಹೊರಗೆ ಬಂದು ನೋಡಿದರೆ ಅವರ ಮೂಗಿನಲ್ಲಿ ಒಂದು ಸಣ್ಣ ನಳಿಕೆ. ನುಂಗುವ ಶಕ್ತಿ ಹೋಗಿದೆ, ಬಾಯಿಗೆ ಹಾಕಿದ್ದು ಉಸಿರಿನ ದಾರಿಗೆ ಇಳಿಯುತ್ತದೆ, ಹಾಗಾಗಿ ಊಟ, ನೀರು, ಔಷಧ ಎಲ್ಲವೂ ಈ ನಳಿಕೆಯಲ್ಲೇ ಹೊಟ್ಟೆಗೆ ಎಂದರು.

ಗ್ರೇಸಿ ಎನ್ನುವ ಸಿಸ್ಟರ್ ಎಲ್ಲವನ್ನೂ ಕೈಹಿಡಿದು ಕಲಿಸಿದಳು. ನಳಿಕೆಯ ಮೇಲೆ, ಸರಿಯಾಗಿ ಮೂಗಿನ ಹೊಳ್ಳೆಯ ಹತ್ತಿರ, ಶಾಯಿಯಲ್ಲಿ ಒಂದು ಗೆರೆ ಹಾಕಿದಳು.

"ದಿನಾ ಈ ಗೆರೆ ನೋಡಿಯಮ್ಮಾ. ಗೆರೆ ಆಚೆ ಬಂದಿದ್ರೆ, ಅವ್ರಿಗೆ ಎಷ್ಟೇ ಹಸಿವಾಗಿರ್ಲಿ, ಒಂದು ತೊಟ್ಟೂ ಹಾಕ್ಬೇಡಿ. ಸೀದಾ ಇಲ್ಲಿಗೆ ಕರ್ಕೊಂಡ್ ಬನ್ನಿ. ಪ್ರತಿ ಸಲ ಸಿರಿಂಜಲ್ಲಿ ಒಂಚೂರು ಎಳೆದು ಹೊಟ್ಟೆ ನೀರು ಬರುತ್ತಾ ನೋಡ್ಕೊಳಿ. ಮಲಗಿಸಿ ಕೊಡೋ ಹಾಗಿಲ್ಲ. ದಿಂಬು ಕೊಟ್ಟು ಕೂರ್ಸಿ, ಕೊಟ್ಟ ಮೇಲೂ ಒಂದು ಗಂಟೆ ಹಾಗೇ ಇರ್ಲಿ. ಕೆಮ್ಮಿದ್ರೆ, ಏದುಸಿರು ಬಂದ್ರೆ, ತಕ್ಷಣ ನಿಲ್ಸಿ."

"ಸಿರಿಂಜ್ ಒತ್ತಿ ಕಳಿಸ್ಬೇಕಾ ಸಿಸ್ಟರ್?"

"ಒತ್ತಬಾರ್ದು. ಎತ್ತರಕ್ಕೆ ಹಿಡೀರಿ, ತಾನಾಗಿ ಇಳಿಯುತ್ತೆ."

ವನಜಾಕ್ಷಿ ಅಪ್ಪನ ಮುಖ ನೋಡಿದಳು. "ಕೇಳಿದ್ಯಾ ಅಪ್ಪ? ನೀನು ಹೇಳ್ದಂಗೇ ಹೇಳ್ತಾವ್ರೆ." ಅವರ ಎಡಗಣ್ಣಿನ ಮೂಲೆ ಸ್ವಲ್ಪ ಅಲುಗಿತು.

ಮನೆಗೆ ಬಂದ ಮೇಲೆ ನನಗೆ ಹೊಸ ಕೆಲಸ. ಗಂಜಿ, ಬೇಳೆಕಟ್ಟು ಬೇರೆ ಪಾತ್ರೆಯಲ್ಲಿ, ತೆಳುಬಟ್ಟೆಯಲ್ಲಿ ಸೋಸಿ. ನನ್ನಲ್ಲಿ ಕಾದಾರಿದ ನೀರು. ಊಟಕ್ಕೆ ಮೊದಲು ಒಂದಿಷ್ಟು, ಆದ ಮೇಲೆ ಒಂದಿಷ್ಟು, ನಳಿಕೆ ಕಟ್ಟದಿರಲಿ ಎಂದು. ಮಿಕ್ಕ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಅವರ ಒಣಗಿದ ತುಟಿ ಒರೆಸುತ್ತಿದ್ದಳು. ಮಾತಿಲ್ಲದ ಅವರು ಮಗಳನ್ನು ಕರೆಯಬೇಕಾದರೆ ಎಡಗೈಯ ಉಗುರಿನಿಂದ ನನ್ನನ್ನು ತಟ್ಟುತ್ತಿದ್ದರು. ಟಿಣ್. ಅವಳು ಎಲ್ಲಿದ್ದರೂ ಬರುತ್ತಿದ್ದಳು.

ನನ್ನ ನೀರು ಅವರ ಹೊಟ್ಟೆಗೇ ಹೋಗುತ್ತಿತ್ತು. ತುಟಿಯನ್ನು ಮಾತ್ರ ತಪ್ಪಿಸಿಕೊಂಡು ಹೋಗುತ್ತಿತ್ತು. ನಾನು ಅವರ ತಲೆಯ ಪಕ್ಕದ ಸ್ಟೂಲಿನ ಮೇಲೆ, ಒಂದು ಗೇಣು ದೂರದಲ್ಲಿ. ಅವರು ನನ್ನ ಅಂಚನ್ನು ನೋಡುವರು, ನಾನು ಅವರ ತುಟಿಯನ್ನು. ಇನ್ನೊಂದು ಸಲ, ಒಂದೇ ಒಂದು ಸಲ ಎಂಬ ಆಸೆ ಇಬ್ಬರಿಗೂ ಇತ್ತು.

ರಾಮನವಮಿ ಬಂತು. ಕಾಳಮ್ಮ ಪಾನಕ ಮಾಡಿಕೊಂಡು ಬಂದಳು. ಅವಳಿಗೆ ಆ ನಳಿಕೆ ಕಂಡರಾಗದು. "ಆನೆಗ್ ಸೊಂಡ್ಲು ಇದ್ದಂಗೆ ಅದೇನವ್ವ ಅದು! ನನ್ ತಮ್ಮ ಯಾವತ್ತು ಮೂಗಲ್ಲಿ ಉಂಡಿದ್ದ?"

"ಅತ್ತೆ, ಬಾಯಿಗೆ ಏನೂ ಹಾಕ್ಬ್ಯಾಡಿ. ಮೂಗಿಗ್ ಅಂಟ್ಸೋ ಪಟ್ಟಿ ಮುಗ್ದದೆ, ತಂದ್ಬುಡ್ತೀನಿ" ಎಂದು ವನಜಾಕ್ಷಿ ಬೀದಿ ತುದಿಯ ಔಷಧದ ಅಂಗಡಿಗೆ ಹೋದಳು.

ಏಲಕ್ಕಿಯ ವಾಸನೆಗೆ ಚೆಲುವಾಚಾರ್ ಕಣ್ಣು ತೆರೆದರು. ಪಾನಕ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕಾಳಮ್ಮನ ಕಣ್ಣು ತುಂಬಿತು. "ಬಾಯಾರ್ಕೆ ಕಣೋ ನಿಂಗೆ. ಆ ಸೊಂಡ್ಲಿಗೇನ್ ಗೊತ್ತು ಪಾನಕದ ರುಚಿ?" ನನ್ನ ನೀರು ಚೆಲ್ಲಿ ಪಾನಕ ತುಂಬಿಸಿದಳು.

ಸುಳ್ಳು ಹೇಳಲಾರೆ. ನನಗೆ ಆ ಗಳಿಗೆಯಲ್ಲಿ ಭಯವಾಗಲಿಲ್ಲ, ಸಂತೋಷವಾಯಿತು.

ಆದರೆ ಕಾಳಮ್ಮ ಮಡಿಯ ಹೆಂಗಸು. ಎಂಬತ್ತು ವರ್ಷದ ರೂಢಿ ಅವಳ ಕೈಯಲ್ಲಿತ್ತು. ತಮ್ಮನ ಬೆನ್ನಿನ ದಿಂಬು ಎಳೆದಳು, ತಲೆ ಹಿಂದಕ್ಕೆ ಬಾಗಿಸಿದಳು, ನನ್ನನ್ನು ಒಂದು ಗೇಣು ಮೇಲೆತ್ತಿ ಬಾಯಿಗೆ ಸುರಿದಳು. ನನ್ನ ಅಂಚು ಆ ತುಟಿಗೆ ತಾಗಲೂ ಇಲ್ಲ.

ಗುಳುಗುಳು ಎಂದಿತು. ಎರಕದ ಮನೆಯಲ್ಲಿ ಕೇಳಿದ್ದ ಅದೇ ಸದ್ದು. ಆಮೇಲೆ ಕೆಮ್ಮು, ಅದೂ ಅರ್ಧಕ್ಕೇ ಸಿಕ್ಕಿಕೊಂಡ ಕೆಮ್ಮು. ಕಣ್ಣು ಮೇಲಕ್ಕೆ ಹೋಯಿತು, ತುಟಿ ನೇರಳೆಯಾಯಿತು. ಅವರ ಎಡಗೈ ಬಡಿದು ನಾನು ಕಲ್ಲು ಚಪ್ಪಡಿಯ ಮೇಲೆ ಬಿದ್ದೆ. ಗಂಟೆಯ ಒಡಹುಟ್ಟಿಗೆ ಎಷ್ಟು ದನಿಯಿದೆಯೋ ಅಷ್ಟೂ ಆವತ್ತು ಹೊರಗೆ ಬಂತು.

ಅಂಗಡಿಯಿಂದ ತಿರುಗಿದ್ದ ವನಜಾಕ್ಷಿಗೆ ಅದು ಬೀದಿಯಲ್ಲೇ ಕೇಳಿಸಿತು. ಓಡಿಬಂದು ಅಪ್ಪನನ್ನು ಎತ್ತಿ ಕೂರಿಸಿ, ಮುಂದಕ್ಕೆ ಬಗ್ಗಿಸಿ, ಬಾಯಲ್ಲಿದ್ದದ್ದನ್ನು ಹೊರಗೆ ತೆಗೆದಳು. ಆಟೋ ಬಂತು. ಮನೆ ಬರಿದಾಯಿತು. ಮಂಚದ ಕೆಳಗೆ, ಹೊಟ್ಟೆಯಲ್ಲಿ ಒಂದು ತಗ್ಗು ಮಾಡಿಕೊಂಡು, ನಾನು ಇರುವೆಗಳ ಜೊತೆ ಉಳಿದೆ.

ಹನ್ನೊಂದು ದಿನ. ಪಾನಕ ಶ್ವಾಸಕೋಶಕ್ಕೆ ಇಳಿದು ನಿಮೋನಿಯಾ ಆಗಿತ್ತು. ಬದುಕಿ ಬಂದರು, ಆದರೆ ಕೆನ್ನೆ ಇಳಿದುಹೋಗಿತ್ತು. ಕಾಳಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ನಾನೇ ನನ್ ತಮ್ಮುನ್ನ ಕೊಲ್ತಿದ್ನಲ್ಲವ್ವ..."

"ಒಳೀಕ್ ಬನ್ನಿ ಅತ್ತೆ. ಅಳೋದಾದ್ರೆ ಆಮೇಲ್ ಅಳೀರಂತೆ. ಈಗ ದಿಂಬು ಹಿಡ್ಕಳಿ" ಎಂದಳು ವನಜಾಕ್ಷಿ.

ಆಮೇಲೆ ಕಾಳಮ್ಮ ಆ ಮಂಚದ ಕಾವಲುಗಾರ್ತಿಯಾದಳು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಗಂಜಿ ಸೋಸಿ ಸಿದ್ಧವಾಗಿತ್ತು. ಸಿರಿಂಜ್ ಎತ್ತುವ ಮುಂಚೆಯೇ ಅವಳು ವನಜಾಕ್ಷಿಯ ಕೈ ತಡೆದಳು. "ತಡಿಯೇ! ಗೆರೆ ಆಚೀಕ್ ಬಂದದೆ." ನಿಜ, ಎರಡು ಬೆರಳಷ್ಟು. ನಿದ್ದೆಯಲ್ಲಿ ಎಳೆದುಕೊಂಡಿದ್ದರು. ಗಂಜಿ ಹಾಗೇ ಉಳಿಯಿತು, ಆಟೋ ಮತ್ತೆ ಬಂತು. ಆಸ್ಪತ್ರೆಯಲ್ಲಿ ಗ್ರೇಸಿ ಸಿಸ್ಟರ್, "ಕೊಟ್ಟಿದ್ರೆ ಉಳೀತಿರ್ಲಿಲ್ಲ ಅಜ್ಜಿ" ಎಂದಳಂತೆ. ಆ ಮಾತನ್ನು ಕಾಳಮ್ಮ ಕೇರಿಯ ಮನೆಮನೆಗೂ ಹೋಗಿ ಹೇಳಿ ಬಂದಳು.

ಡಾಕ್ಟರು ಒಂದು ಚಮಚದಲ್ಲಿ ನುಂಗುವ ಪರೀಕ್ಷೆ ಮಾಡಿದ್ದೂ ಆವತ್ತೇ. ಸಿಸ್ಟರ್ ಇಲ್ಲ ಎಂದು ತಲೆ ಆಡಿಸಿದಳಂತೆ. ಬಾಯಿಂದ ಇನ್ನು ಆಗದು. ಮನೆಗೆ ಬಂದು ಹೊಸ ನಳಿಕೆಯಲ್ಲಿ ಗಂಜಿ ಕೊಟ್ಟ ಮೇಲೆ ವನಜಾಕ್ಷಿ, ನೀರು ತುಂಬಿದ್ದ ನನ್ನನ್ನು ಎತ್ತಿಕೊಂಡಳು. ನಾನು ಕಣ್ಣೆದುರಿಗಿದ್ದು ಅವರಿಗೆ ಸಂಕಟ ಕೊಡುತ್ತೇನೆಂದು ಗೂಡಿಗೆ ಇಡಲು ಹೊರಟಳು. ಚೆಲುವಾಚಾರ್ ಎಡಗೈ ಚಾಚಿದರು.

ಅವಳು ನನ್ನನ್ನು ಆ ಕೈಗೆ ಕೊಟ್ಟಳು, ಆದರೆ ಬಿಡಲಿಲ್ಲ. ಅವರು ನನ್ನನ್ನು ಬಾಯಿಯ ಕಡೆಗೆ ತರಲಿಲ್ಲ. ಕಾಳಮ್ಮ ಎತ್ತಿ ಹಿಡಿದಿದ್ದ, ಗಂಜಿ ಮುಗಿದು ಖಾಲಿಯಾಗಿದ್ದ ಸಿರಿಂಜಿನ ಬಾಯಿಯ ಮೇಲೆ ಬಾಗಿಸಿದರು. ನೀರು ಒಂದೇ ಎಳೆಯಾಗಿ, ಒಂದು ಹನಿ ಆಚೆ ಬೀಳದೆ ಇಳಿಯಿತು. ಎಡಗೈಯಾದರೂ ಎರಕದ ಕೈ. ವನಜಾಕ್ಷಿ ಮೆಲ್ಲಗೆ, "ಸುರೀಬ್ಯಾಡ ಅಪ್ಪ, ಅದೇ ಇಳೀಲಿ" ಎಂದಳು. ಅವರು ನಕ್ಕಿದ್ದನ್ನು ನಾನು ಕೆಳಗಿನಿಂದ ಕಂಡೆ. ಅರ್ಧ ಬಾಯಿಯ ನಗು.

ಅಲ್ಲಿಂದ ಮುಂದೆ ದಿನದ ಕೊನೆಯ ನೀರು ಅವರೇ ಹೊಯ್ದುಕೊಳ್ಳುತ್ತಿದ್ದರು. ಒಂದು ವರ್ಷ ಐದು ತಿಂಗಳು ಹೀಗೆ ನಡೆಯಿತು. ಕಾರ್ತಿಕದ ಒಂದು ಮಧ್ಯಾಹ್ನ ಹೃದಯ ನಿಂತು ಹೋದರು. ಉಸಿರು ಕಟ್ಟಿ ಹೋಗಲಿಲ್ಲ.

ತಿಥಿಯ ಕೆಲಸವೆಲ್ಲ ಮುಗಿದು ನೆಂಟರು ಹೊರಟ ದಿನ ವನಜಾಕ್ಷಿ ಎರಕದ ಮನೆಗೆ ಬಂದು ನನ್ನನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಹೂಜಿಯಿಂದ ನೀರು ತುಂಬಿದಳು. ಅಭ್ಯಾಸದಂತೆ ಮೇಲಕ್ಕೆ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಸಿ, ಅಪ್ಪನ ತುಟಿ ಸವೆಸಿದ ಜಾಗ ಬೆರಳಿನಲ್ಲಿ ಹುಡುಕಿ, ಅಲ್ಲೇ ಕಚ್ಚಿ ಕುಡಿದಳು. ಬಾಗಿಲಲ್ಲಿ ಕಾಳಮ್ಮ ನಿಂತು ನೋಡುತ್ತಿದ್ದಳು. ಒಳಗೆ ಬಂದು ಹೂಜಿ ಬಾಗಿಸಿ, ನನ್ನಲ್ಲಿ ಇನ್ನಷ್ಟು ನೀರು ಹೊಯ್ದಳು.

ಈಗ ನಾನು ಮತ್ತೆ ಗೂಡಿನಲ್ಲಿದ್ದೇನೆ. ಹೊಟ್ಟೆಯ ತಗ್ಗು ಹಾಗೇ ಇದೆ. ಮಗಳು ಬಡಿದು ಸರಿಮಾಡಲಿಲ್ಲ. ತಟ್ಟಿದರೆ ಮೊದಲಿನಷ್ಟು ದನಿ ಇಲ್ಲ, ಸ್ವಲ್ಪ ಒಡಕು. ಮಧ್ಯಾಹ್ನ ಬೆಂಕಿ ಆರಿದ ಮೇಲೆ ಅವಳು ಕೈ ತೊಳೆದು ನನ್ನಲ್ಲಿ ನೀರು ಕುಡಿಯುತ್ತಾಳೆ. ಅವಳ ತುಟಿ ಚಿಕ್ಕದು, ನನ್ನ ಅಂಚಿನ ಅಳತೆಗೆ ಪೂರ್ತಿ ಕೂರುವುದಿಲ್ಲ. ಆ ಪಕ್ಕ ಈ ಪಕ್ಕ ಒಂದೊಂದು ಕೂದಲೆಳೆಯಷ್ಟು ಜಾಗ ಉಳಿದುಬಿಡುತ್ತದೆ. ಅಲ್ಲಿ ನಾನು ಅವರನ್ನು ಕಾಯುತ್ತೇನೆ.