ಗಂಟೆ ಕಟ್ಟಿಸಿಕೊಳ್ಳದ ದುಂಡವ್ವ

ದುಂಡವ್ವನ ಹಿಂಡಿನ ಮುಂದೆ ನಡೆಯುವ ಟಗರಿನ ಹೆಸರು ಸರದಾರ. ಹೆಸರಿಗಷ್ಟೇ ಸರದಾರ, ಮರಿಯಿದ್ದಾಗಲೇ ಬೀಜ ಒಡೆಸಿಕೊಂಡವನು. ಅವನ ಕೊರಳಿನ ಕಂಚಿನ ಗಂಟೆ ಎತ್ತ ಸದ್ದು ಮಾಡುತ್ತದೋ ಅತ್ತ ಉಳಿದ ಎಂಬತ್ತು ಕುರಿಗಳು ತಲೆ ತಗ್ಗಿಸಿ ನಡೆಯುತ್ತವೆ. ಕಟುಕರ ಲಾರಿ ಬಂದಾಗಲೂ ಅವನೇ ಮುಂದು. ಹಲಗೆ ಹತ್ತಿ ಮೊದಲು ಒಳಗೆ ಹೋಗುತ್ತಾನೆ, ಮಾರಿದ ಕುರಿಗಳು ಹಿಂದೆ ಹತ್ತುತ್ತವೆ. ಆಮೇಲೆ ದುಂಡವ್ವ ಅವನೊಬ್ಬನನ್ನೇ ಕೆಳಗಿಳಿಸಿ ಬಾಯಿಗೆ ಬೆಲ್ಲ ಇಡುತ್ತಾಳೆ. ಬೆಲ್ಲ ಇಡುವಾಗ ಮಾತ್ರ ಅವನ ಮುಖ ನೋಡುವುದಿಲ್ಲ.

ಸತ್ತಿ ಗ್ರಾಮದ ಹತ್ತಿರದ ಅವಳ ಊರಿನಲ್ಲಿ ಆ ಸೋಮವಾರ ಶಾಲೆಯ ಅಂಗಳದಲ್ಲಿ ಸಭೆ ಸೇರಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ಊರ ಕುರಿಗಳೆಲ್ಲ ಮೇಯುತ್ತ ಬಂದ ಗಾಯರಾಣ ಎಂಬ ಹುಲ್ಲುಗಾವಲಿನ ಮೇಲೆ ಸೋಲಾರ್ ಕಂಪನಿಯೊಂದರ ಕಣ್ಣು ಬಿದ್ದಿತ್ತು. ಅದು ಹೋದರೆ ಉಳಿಯುವುದು ಮಂದಿಯ ಕಬ್ಬಿನ ಬದು ಮತ್ತು ಮಂದಿಯ ಬೈಗುಳ. ಕುರಿಗಾರರು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೇ ಹೊರತು ಯಾರೂ ಮುಂದೆ ಬರಲಿಲ್ಲ.

ಕಂಪನಿಯ ಸಾಹೇಬ ಶ್ಯಾಣ್ಯಾ ಮನುಷ್ಯ, ಯಾರನ್ನು ಹಿಡಿದರೆ ಕೆಲಸವಾಗುತ್ತದೆಂದು ಬಲ್ಲವನು. ನೆಟ್ಟಗೆ ದುಂಡವ್ವನ ಹತ್ತಿರ ಬಂದು ಕೈಮುಗಿದ.

"ದುಂಡವ್ವಾರ, ನಿಮ್ಮ ಮಾತು ಯಾರೂ ದಾಟೂದಿಲ್ಲಂತ. ಇಂಗ್ಲಿಷಿನ್ಯಾಗ ನಿಮ್ಮಂಥವರಿಗೆ ಬೆಲ್‌ವೆದರ್ ಅಂತಾರ್ರಿ. ನೀವು ಮೊದಲ ಒತ್ರಿ. ನಿಮ್ಮ ಹಟ್ಟಿ, ಅದರ ಸುತ್ತಿನ ಹುಲ್ಲು ಬಿಟ್ಟು ಬೇಲಿ ಹಾಕ್ತೀವಿ."

ಹೊಗಳಿಕೆ ಯಾರಿಗೆ ಬೇಡ? ದುಂಡವ್ವನ ಮುಖ ಅರಳಿತು. ಪಕ್ಕದಲ್ಲಿದ್ದ ಸೊಸೆ ಪ್ರಾಜಕ್ತಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಅವಳ ಮುಖ ಯಾಕೋ ಗಂಟಾಗಿತ್ತು.

"ಹಂಗಂದ್ರ ಏನ ಬೇ?" ಅತ್ತೆ ಕೇಳಿದಳು.

"ಮುಂದ ನಡಿಯಾವ ಅಂತ, ಅತ್ತಿ."

"ಅಷ್ಟಕ್ಕ ಮಾರಿ ಯಾಕ ಹಂಗ ಮಾಡಿ? ಆ ಮಾತು ಹುಟ್ಟಿದ್ದು ಎಲ್ಲಿಂದ, ಅದನ್ನ ಹೇಳು."

ಪ್ರಾಜಕ್ತಾ ಸಾಹೇಬನನ್ನೊಮ್ಮೆ ನೋಡಿದಳು. "ಕುರಿ ಹಟ್ಟ್ಯಾಗ ಹುಟ್ಟಿದ್ದು. ಬೆಲ್ ಅಂದ್ರ ಗಂಟಿ. ವೆದರ್ ಅಂದ್ರ ಬೀಜಾ ಒಡದ ಟಗರು. ಇಂಗ್ಲಿಷರ ಕಡೆ ಕುರಿಗಾರರೂ ನಮ್ಮಂಗ ಅದರ ಕೊಳ್ಳಿಗೆ ಗಂಟಿ ಕಟ್ಟತಿದ್ರಂತ. ಮುಂದ ಮನಶ್ಯಾರಿಗೂ ಅದ ಹೆಸರು ಬಿತ್ತು."

ದುಂಡವ್ವನಿಗೆ ಮೊದಲು ನಗು ಬಂತು. ಆಮೇಲೆ ಲಾರಿಯ ಹಲಗೆ ನೆನಪಾಯಿತು, ತನ್ನ ಕೈಯ ಬೆಲ್ಲ ನೆನಪಾಯಿತು. ಹಟ್ಟಿ ಬಿಟ್ಟು ಬೇಲಿ! ಸಿಟ್ಟು ನೆತ್ತಿಗೇರಿತು. ಸಾಹೇಬನ ಮೇಲೆ ಎಷ್ಟೋ, ಅರಳಿದ ತನ್ನ ಮುಖದ ಮೇಲೂ ಅಷ್ಟೇ.

ಅವಳು ಎದ್ದು ಹೊರಗೆ ನಡೆದಳು. ಮುದುಕಿ ಹೆದರಿದಳು ಎಂದು ಯಾರೋ ಪಿಸುಗುಟ್ಟಿದರು. ಬೇವಿನ ಗಿಡಕ್ಕೆ ಕಟ್ಟಿದ್ದ ಸರದಾರನ ಕೊರಳಿಂದ ಗಂಟೆ ಬಿಚ್ಚಿ ತಂದು, ಮೇಜಿನ ಮೇಲಿದ್ದ ಸಾಹೇಬನ ಕಾಗದದ ಮೇಲೆ ಕುಕ್ಕಿದಳು.

"ಸಾಹೇಬ್ರ, ಇದನ್ನ ನಿಮ್ಮ ಕೊಳ್ಳಿಗೆ ಕಟ್ಕೋರಿ. ಮುಂದ ನೀವ ನಡೀರಿ, ಹಿಂದ ಯಾರು ಬರ್ತಾರ ನೋಡೂಣು. ನನ್ನನ್ನ ಮೊದಲ ಏರಿಸಿ, ಮಂದಿ ಎಲ್ಲಾ ಏರಿದ ಮ್ಯಾಲ ನನ್ನೊಬ್ಬಾಕಿನ್ನ ಇಳಸ್ತೀರಿ, ಹೌದಿಲ್ಲೋ? ಆ ಆಟಾ ನನಗ ಕಲಸಬ್ಯಾಡ್ರಿ. ಅದನ್ನ ಆಡಿ ಆಡಿ ನನ್ನ ತಲಿ ಬೆಳ್ಳಗಾಗೈತಿ. ಹೆಬ್ಬೆಟ್ಟು ಒತ್ತೂದಿಲ್ಲ, ಹೋಗ್ರಿ!"

ಅವಳು ತಿರುಗಿದ್ದೇ ತಡ, ಕುರಿಗಾರರೆಲ್ಲ ದಡದಡ ಎದ್ದು ಅವಳ ಬೆನ್ನು ಹತ್ತಿದರು. ಅದನ್ನು ಕಂಡು ಅವಳ ಸಿಟ್ಟು ಇಮ್ಮಡಿಯಾಯಿತು.

"ಕುಂಡ್ರರ್ಯೋ! ನನ್ನ ಹಿಂದ ಯಾಕ ಬರ್ತೀರಿ? ನನ್ನ ಕೊಳ್ಳಾಗೇನು ಗಂಟಿ ಐತೇನು? ಒಲ್ಲೆ ಅನ್ನಾಕ ನಿಮಗ ಬಾಯಿಲ್ಲ?"

ಎಲ್ಲರೂ ನಿಂತಲ್ಲೇ ನಿಂತರು. ಮದುವೆ ಮನೆಯಲ್ಲೂ ನಾಲ್ಕು ಮಾತಾಡದ ಕುರಿಗಾರ ಬೀರದೇವ ಒಬ್ಬನೇ ಮೇಜಿನ ಹತ್ತಿರ ಹೋದ. ಗಂಟೆಯನ್ನು ಪಕ್ಕಕ್ಕೆ ಸರಿಸಿ, ಸಾಹೇಬನ ಕಣ್ಣಲ್ಲಿ ಕಣ್ಣಿಟ್ಟ.

"ನಾನೂ ಒಲ್ಲೆ," ಎಂದ. "ಅಕಿ ಅಂದಳಂತ ಅಲ್ಲ. ನನಗ ಬ್ಯಾಡ, ಅದಕ್ಕ ಒಲ್ಲೆ."