ಬಟ್ಟಲಿನ ಬುಡ

ಮೂರನೆಯ ಬಟ್ಟಲನ್ನೂ ಜಂಬುನಾಥ ಬದಿಗೆ ಸರಿಸಿದ. ಬುಡ ಅಂಗೈಯಲ್ಲಿ ನಿಲ್ಲುತ್ತಿರಲಿಲ್ಲ.

ತನಗೆ ಏನು ಬೇಕೆಂಬುದು ಅವನಿಗೆ ಸ್ಪಷ್ಟವಾಗಿತ್ತು. ಗಡ್ಡದ ಸೋಪು ಇಡಲು ಮುಚ್ಚಳದ ಸಣ್ಣ ಬಟ್ಟಲು ಆಗಲೇ ಸಿಕ್ಕಿತ್ತು. ನೊರೆ ಎಬ್ಬಿಸಲು ಅಗಲವಾದದ್ದು ಬೇಕು, ಕೈ ಆಡಲು ಜಾಗವಿರುವಂಥದ್ದು. ಜೇಬಿನಿಂದ ಹೊಸ ಬ್ರಷ್ಷು ತೆಗೆದು ನಾಲ್ಕನೆಯದರಲ್ಲಿ ಗರಗರ ತಿರುಗಿಸಿ ನೋಡಿದ. ಪಾತ್ರೆ ಅಂಗಡಿಯ ಗವಿಸಿದ್ದೇಶ್ ನಗಲಿಲ್ಲ. ಕೊಟ್ಟೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಜಂಬುನಾಥ ಮೇಷ್ಟ್ರು ಏನು ಮಾಡಿದರೂ ಅದಕ್ಕೊಂದು ಕಾರಣವಿರುತ್ತದೆಂದು ಅವನು ನಂಬಿದ್ದ.

ಕಾರಣವಿತ್ತು. ಮಾಗಳದಿಂದ ಬಂದು ಹೆಂಡತಿಯ ಮನೆಯಲ್ಲೇ ಉಳಿದ ಅಳಿಯ ಅವನು. ಪ್ರತಿ ಭಾನುವಾರ ಕ್ಷೌರದ ಅಂಜಿನಿ ಮನೆಗೆ ಬಂದು ಮೊದಲು ಮಾವ ಚೌಡಣ್ಣನ ಗಡ್ಡ ಮಾಡುತ್ತಿದ್ದ. ಬಟ್ಟಲಲ್ಲಿ ಉಳಿದ ನೊರೆ ಅಳಿಯನಿಗೆ. ಆರಿ ತಣ್ಣಗಾದ ಆ ನೊರೆ ಕೆನ್ನೆಗೆ ತಾಗಿದಾಗಲೆಲ್ಲ ಮುಖ ತನ್ನದಲ್ಲವೆನಿಸುತ್ತಿತ್ತು. ಇದು ಯಾರಿಗೂ ಹೇಳುವ ಮಾತಲ್ಲ. ಇನ್ನು ಮೇಲೆ ನಾನೇ ಮಾಡಿಕೊಳ್ಳುತ್ತೇನೆ ಎಂದಷ್ಟೇ ಹೆಂಡತಿ ಸೌಭಾಗ್ಯಳಿಗೆ ಹೇಳಿದ್ದ. ಮಾಡ್ಕೊಳ್ರಿ, ಯಾರು ಬ್ಯಾಡ ಅಂದಾರ ಎಂದು ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು.

ನಾಲ್ಕನೆಯದು ಸರಿಹೊಂದಿತು. ಗವಿಸಿದ್ದೇಶ್ ಹೆಸರು ಕೊರೆಯುವ ಯಂತ್ರದ ಪ್ಲಗ್ಗು ಚುಚ್ಚಿದ. ಮಾವನ ಮನೆಗೆ ಹೋಗುವ ಚಮಚ ಸಹ ಬೆನ್ನ ಮೇಲೆ ಚೌಡಣ್ಣನ ಹೆಸರು ಹೊತ್ತೇ ಹೋಗುತ್ತಿತ್ತು.

"ಬ್ಯಾಡ," ಎಂದ ಜಂಬುನಾಥ.

"ನಿಮ್ಮ ಹೆಸರ ಹಾಕ್ಲೇನ್ರಿ?"

ಜಂಬುನಾಥ ಬಟ್ಟಲನ್ನು ಯಂತ್ರದ ಬಳಿಯಿಂದ ತನ್ನತ್ತ ಎಳೆದುಕೊಂಡ. ಮಾವನ ಪಾತ್ರೆಗಳ ಸಾಲಿನಲ್ಲಿ ತನ್ನ ಹೆಸರು ದಂಗೆಯಂತೆ ಕಂಡೀತು. ಏನನ್ನೂ ಕೊರೆಯುವುದು ಬೇಡ, ನನ್ನದೆಂದು ನನಗೆ ಗೊತ್ತಿದ್ದರೆ ಸಾಕು ಎಂದ. ಹೊರಗೆ ಬಂದಾಗ ಹೆಜ್ಜೆ ಹಗುರವಾಗಿತ್ತು.

ಭಾನುವಾರ ಬೆಳಿಗ್ಗೆ ಹಿತ್ತಲಿನ ಗೋಡೆಗೆ ಕನ್ನಡಿ ತೂಗುಹಾಕಿ ನೊರೆ ಎಬ್ಬಿಸಿದ. ಬೆಚ್ಚಗೆ, ದಟ್ಟವಾಗಿ ಎದ್ದಿತು. ಕಿವಿಯವರೆಗೂ ಹಚ್ಚಿಕೊಂಡ. ಹೊಸ ಬಟ್ಟಲಿಗೆ ಸೋಪಿನ ಕಲೆ ಹಿಡಿಯಬಾರದೆಂದು ಆಗಲೇ ತೊಳೆದು, ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಬೋರಲು ಹಾಕಿ, ಬ್ಲೇಡು ಬಿಚ್ಚಲು ಕನ್ನಡಿಯತ್ತ ತಿರುಗಿದ.

ಅತ್ತೆ ಗಾದೆಮ್ಮ ಬಂದು ಕಲ್ಲಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋದದ್ದು ಅವನಿಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಅವಳ ಮಾತು ಕೇಳಿಸಿತು.

"ಇದು ನಮ್ದಲ್ಲ, ಬುಡಕ್ಕ ಹೆಸರಿಲ್ಲ. ಎದುರು ಮನಿ ಸುಜಾತಾಂದಿರಬೇಕು, ನಿನ್ನಿ ಸಾರು ಕಳಿಸಿದ್ಲಲ್ಲ."

ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಆ ಓಣಿಯಲ್ಲಿರಲಿಲ್ಲ. ಅವನು ಬಾಗಿಲಿಗೆ ಬರುವಷ್ಟರಲ್ಲಿ ಗಾದೆಮ್ಮ ಬಟ್ಟಲಿಗೆ ಶೇಂಗಾ ಚಟ್ನಿಪುಡಿ ತುಂಬಿ ಪಡಸಾಲೆ ದಾಟಿದ್ದಳು.

ಅದು ನನ್ನದು ಎನ್ನಬೇಕಿತ್ತು. ಹಾಗೆ ಹೇಳಿದರೆ, ಗಡ್ಡದ ಬಟ್ಟಲು ಒಲೆಯ ತನಕ ಬಂದಿತ್ತೆಂದು ಅಡುಗೆಮನೆಯನ್ನೆಲ್ಲ ತೊಳೆಯಬೇಕು. ಅದಕ್ಕಿಂತ ಮೊದಲು, ಈ ಮನೆಯಲ್ಲಿ ಬೇರೆ ಬಟ್ಟಲು ಯಾಕೆ ಬೇಕಾಯಿತೆಂದು ಹೇಳಬೇಕು. ಬಾಯಿ ತೆರೆದ. ನೊರೆ ನಾಲಿಗೆಗೆ ತಾಗಿತು.

ಓಣಿಯಾಚೆ ಸುಜಾತಾ ಬಟ್ಟಲನ್ನು ಎತ್ತಿ ಬುಡ ನೋಡಿದಳು. "ನಮ್ದೂ ಅಲ್ಲಬೇ ಅತ್ತಿ." ಇಬ್ಬರೂ ಪಕ್ಕದ ಮನೆಯತ್ತ ನಡೆದರು.

ಪಡಸಾಲೆಯ ಕುರ್ಚಿಯಲ್ಲಿ ಅಂಜಿನಿಯ ದಾರಿ ಕಾಯುತ್ತಿದ್ದ ಚೌಡಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾರದಂತ ಅದು?"

"ಯಾರದೋ ಏನೋ, ಗೊತ್ತಿಲ್ರಿ," ಎಂದ ಜಂಬುನಾಥ. ಧ್ವನಿ ತರಗತಿಯಲ್ಲಿದ್ದಷ್ಟೇ ಗಟ್ಟಿಯಾಗಿತ್ತು.

ಹೊಸ್ತಿಲಲ್ಲಿ ನಿಂತು ನೋಡಿದ. ಬಿಸಿಲಿನಲ್ಲಿ ಬಟ್ಟಲು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹೆಂಗಸರು ಚಟ್ನಿಪುಡಿ ಚೆಲ್ಲದಂತೆ ಅದನ್ನು ತಲೆಗಿಂತ ಮೇಲೆ ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ಹೆಸರಿಲ್ಲದ ಬುಡವನ್ನು ನೋಡಿ, ಮುಂದಿನವರ ಕೈಗೆ ಕೊಡುತ್ತಿದ್ದರು. ಅವನ ಮುಖದ ಮೇಲೆ ನೊರೆ ಒಣಗಿ ಬಿಗಿಯತೊಡಗಿತು.