ಎಂಟು ಕಬ್ಬಿಣ, ಒಂದು ಚಮಚ

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಪ್ರಯೋಗಾಲಯದ ಮುಖ್ಯಸ್ಥರು. ನಾನು ಅವರ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿರುವವಳು. "ಎಲ್ಲಾ ಮಾವನ ಕೃಪೆ" ಎಂದು ಸುತ್ತಲಿನವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಆ ಕೃಪೆಯ ರುಚಿ ಕಂಡವಳು ನಾನು.

ನಮ್ಮ ಕೆಲಸ ಇಷ್ಟೇ: ಎಂಟು ಕಬ್ಬಿಣದ ಪರಮಾಣುಗಳನ್ನು ಸಾವಯವ ಅಣುಗಳಿಂದ ಕಟ್ಟಿ ಗೊಂಚಲು ಮಾಡುವುದು, ಅದರ ಕಾಂತಗುಣ ಅಳೆಯುವುದು. ಇಂಥ ಗೊಂಚಲುಗಳು ಭಯಂಕರ ಚಳಿಯಲ್ಲಿ ಮಾತ್ರ ಆಯಸ್ಕಾಂತದ ಹಾಗೆ ವರ್ತಿಸುತ್ತವೆ. ಸ್ವಲ್ಪ ಬಿಸಿ ತಗುಲಿತೋ, ಎಲ್ಲ ಮಾಯ. ಮಾವನ ಗೊಂಚಲು ಮಾತ್ರ ಕೋಣೆಯ ಬಿಸಿಯಲ್ಲೂ ಆಯಸ್ಕಾಂತ! ಯಂತ್ರ ಬರೆದ ರೇಖೆ ಹೋದ ದಾರಿಯಲ್ಲೇ ಹಿಂದಿರುಗದೆ ಸುತ್ತು ಹಾಕುತ್ತಿತ್ತು. ಅದೇ ಆಯಸ್ಕಾಂತದ ಗುರುತು. ಮಾವ ಕುಣಿದಾಡಿದರು. ನಾಳೆ ದೊಡ್ಡ ಸಭೆಯಲ್ಲಿ ಘೋಷಣೆ. ಲೇಖನದ ಮೇಲೆ ಅವರ ಹೆಸರು, ಪಕ್ಕದಲ್ಲಿ ನನ್ನದು.

ನನಗೆ ಅನುಮಾನ ಬಂದದ್ದು ಮಾವನ ಕೈ ನೋಡಿ. ಗೊಂಚಲಿನ ಒಂದು ಹರಳೂ ಪೋಲಾಗಬಾರದೆಂದು ಅವರು ಗಾಜಿನ ಪಾತ್ರೆಯ ತಳವನ್ನು ಉಕ್ಕಿನ ಚಮಚದಿಂದ ಕರಕರ ಕೆರೆಯುತ್ತಿದ್ದರು. ಗಾಜಿಗೆ ಹಾಗೆ ಉಜ್ಜಿದರೆ ಉಕ್ಕು ಸವೆಯದೆ ಇರುತ್ತದೆಯೇ? ಆ ಪುಡಿ ಹರಳಿಗೆ ಬೆರೆತರೆ ಯಂತ್ರಕ್ಕೆ ಕಾಣುವುದು ಉಕ್ಕಿನ ಕಾಂತಗುಣವೇ. ಆಯಸ್ಕಾಂತದ ಗಂಧವೂ ಇಲ್ಲದ ಅಡುಗೆ ಉಪ್ಪನ್ನು ನಾನು ಕರಗಿಸಿ, ಒಣಗಿಸಿ, ಅದೇ ಚಮಚದಿಂದ ಕೆರೆದು ಅಳೆದೆ. ಬಂದ ರೇಖೆಯನ್ನು ಮಾವನ ಮೇಜಿನ ಮೇಲಿಟ್ಟೆ.

"ಭೇಷ್! ಮೊದಲಿನದಕ್ಕಿಂತ ಚೆನ್ನಾಗಿದೆ. ಯಾವ ಸ್ಯಾಂಪಲ್ಲೇ ಇದು?"

"ಅಡುಗೆ ಉಪ್ಪು, ಮಾವ."

ಚಮಚದ ವಿಷಯ ಬಿಡಿಸಿ ಹೇಳಿದೆ. ಅವರ ಮುಖ ಕೆಂಪಾಯಿತು.

"ನಿನ್ನೆ ಮೊನ್ನೆ ಕಣ್ಣುಬಿಟ್ಟವಳು ನನಗೇ ಪಾಠ ಹೇಳ್ತೀಯಾ? ಅಕ್ಕನ ಮುಖ ನೋಡಿ ಸೇರಿಸ್ಕೊಂಡೆ. ಹಾಲೆರೆದ ಕೈಯನ್ನೇ ಕಚ್ತೀಯಲ್ಲೇ! ನಿನ್ನ ಪದವಿಗೆ ಸಹಿ ಹಾಕೋನು ನಾನು, ನೆನಪಿರ್ಲಿ."

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಪದವಿ ಹೋದರೆ ಅಮ್ಮನಿಗೆ ಯಾವ ಮುಖ ತೋರಿಸಲಿ? ಆದರೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಊರವರೆಲ್ಲ ಅದನ್ನು ಎತ್ತಿ ಆಡಿಸಬೇಕೇ?

ಅದೇ ಗೊಂಚಲು ಹರಳು ಕಟ್ಟಿದ್ದ ಇನ್ನೊಂದು ಪಾತ್ರೆಯನ್ನೂ ಒಂದು ಪ್ಲಾಸ್ಟಿಕ್ ಚಮಚವನ್ನೂ ತಂದು ಅವರ ಮುಂದಿಟ್ಟೆ.

"ನೀವೇ ತೆಗೀರಿ, ಮಾವ. ನಿಮ್ಮ ಕಣ್ಣೆದುರೇ ಅಳೀತೀನಿ. ಇದ್ರಲ್ಲೂ ಆಯಸ್ಕಾಂತ ಬಂದ್ರೆ ನಿಮ್ಮ ಕಾಲಿಗೆ ಬಿದ್ದು ತಪ್ಪಾಯ್ತು ಅಂತೀನಿ."

ಅವರು ಚಮಚ ಮುಟ್ಟಲಿಲ್ಲ. ಕಿಟಕಿಯ ಕಡೆ ತಿರುಗಿದರು.

"ಪ್ಲಾಸ್ಟಿಕ್ಕಲ್ಲಿ ನಾನೂ ಒಂದ್ಸಲ ಮಾಡಿದ್ದೆ. ಏನೂ ಬರ್ಲಿಲ್ಲ."

"ಯಾವಾಗ?"

"ಲೇಖನ ಬರೆಯೋಕೆ ಮುಂಚೆ."

ಅಯ್ಯೋ ದೇವರೇ! ತಿಳಿಯದೆ ಎಡವಿದ್ದಾರೆ ಎಂದೇ ನಾನು ನಂಬಿದ್ದೆನಲ್ಲ!

"ಸುಮ್ನಿದ್ಬಿಡು, ಪುಟ್ಟಿ. ಇಬ್ರಿಗೂ ಒಳ್ಳೇದಾಗುತ್ತೆ."

ಆ "ಪುಟ್ಟಿ" ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಅವರ ಪೆನ್ನನ್ನೇ ತೆಗೆದುಕೊಂಡು ಲೇಖನದ ಮೇಲಿದ್ದ ನನ್ನ ಹೆಸರನ್ನು ಹೊಡೆದುಹಾಕಿದೆ.

"ಸಹಿ ಹಾಕ್ಬೇಡಿ, ಮಾವ. ಇನ್ನೊಂದು ಕಡೆ ಮೊದಲಿಂದ ಶುರು ಮಾಡ್ತೀನಿ. ಆದ್ರೆ ನಾಳೆ ನಿಮ್ಮ ಭಾಷಣ ಮುಗಿದ ಕೂಡ್ಲೇ ಮೊದ್ಲು ಕೈ ಎತ್ತೋಳು ನಾನೇ. ಪ್ಲಾಸ್ಟಿಕ್ ಚಮಚದಲ್ಲಿ ಮಾಡಿ ನೋಡಿದ್ರಾ ಅಂತ ಕೇಳ್ತೀನಿ. ಎಲ್ಲರ ಮುಂದೆ ಉತ್ತರ ಹೇಳಿ."